ಸೊಲ್ಲಾಪುರದ ಎದೆನೋವಿಗೆ ಭಜಿಯೊಂದೇ ಕಾರಣವಲ್ಲ

ಸೊಲ್ಲಾಪುರ, ಅಕ್ಕಲಕೋಟೆ ಭಾಗದಲ್ಲಿ ದುಡಿಯುವ ವಯಸ್ಸಿನವರ ಹೃದ್ರೋಗಕ್ಕೂ ಅವರು ಬದುಕುವ, ಕೆಲಸ ಮಾಡುವ ಜಾಗಕ್ಕೂ ಸಂಬಂಧವಿದೆ ಎಂದು ನಾನು ಬರೆದದ್ದಕ್ಕೆ ಆಕ್ಷೇಪಗಳು ಬಂದಿವೆ. ಆಕ್ಷೇಪಿಸಿದವರಲ್ಲಿ ವೈದ್ಯರಿದ್ದಾರೆ, ಮಗ್ಗದ ಮಾಲೀಕರಿದ್ದಾರೆ, ಊರಿನ ಹಿರಿಯರೂ ಇದ್ದಾರೆ. ಅವರ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು: "ಭಜಿ, ಮಟನ್, ಮಾವಾ ಬಿಡಲಿ, ಎಲ್ಲ ಸರಿಹೋಗುತ್ತದೆ. ಮಗ್ಗಗಳ ತಗಡಿನ ಶೆಡ್ಡನ್ನು ಯಾಕೆ ದೂರುತ್ತೀರಿ?" ಮಾವಾದಲ್ಲಿರುವ ತಂಬಾಕು ಕೊಲ್ಲುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಮಹಾರಾಷ್ಟ್ರದಲ್ಲಿ 2012ರಿಂದಲೇ ಗುಟ್ಕಾ ನಿಷೇಧವಿದ್ದರೂ ಅದು ಸಿಗುತ್ತಲೇ ಇದೆ, ಅದೂ ನಾಚಿಕೆಗೇಡು. ಆದರೆ ಚಟವೇ ಎಲ್ಲವನ್ನೂ ನಿರ್ಧರಿಸುವುದಾದರೆ 2014ರಲ್ಲಿ ಪ್ರಕಟವಾದ 'ಪ್ಯೂರ್' ಅಧ್ಯಯನಕ್ಕೆ ಏನು ಹೇಳುತ್ತೀರಿ? 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಆ ಅಧ್ಯಯನದಲ್ಲಿ ಅಪಾಯದ ಅಂಶಗಳು ಒಟ್ಟು ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲೇ ಹೆಚ್ಚಿದ್ದವು. ಹೃದ್ರೋಗದ ಸಾವು ಮಾತ್ರ ಭಾರತವೂ ಸೇರಿದ ಬಡ ದೇಶಗಳ ಗುಂಪಿನಲ್ಲಿ ಹೆಚ್ಚಿತ್ತು. ತಟ್ಟೆಯಲ್ಲಿರುವುದನ್ನಷ್ಟೇ ನೋಡಿದರೆ ಈ ಅಂತರ ಅರ್ಥವಾಗುವುದಿಲ್ಲ.

ಎರಡನೆಯದು ಮಾಲೀಕರ ಮಾತು: "ಮೈಮುರಿದು ದುಡಿಯುವವನಿಗೆ ಹೃದ್ರೋಗ ಎಲ್ಲಿಯದು? ಅದು ಕುರ್ಚಿಯಲ್ಲಿ ಕೂತವರ ರೋಗ." ಈ ಮಾತು ಹೇಳುವವರು ಮೇ ತಿಂಗಳ ಮಧ್ಯಾಹ್ನ ಸೊಲ್ಲಾಪುರದ ಪೂರ್ವಭಾಗದ ಯಾವುದಾದರೂ ಶೆಡ್ಡಿನಲ್ಲಿ ಒಂದು ತಾಸು ನಿಲ್ಲಬೇಕು. ಹೊರಗೆ 42 ಡಿಗ್ರಿ, ಮೇಲೆ ಕಾದ ತಗಡು. ಚಾದರು, ಟವೆಲ್ ನೇಯುವ ಮಗ್ಗಗಳ ಸದ್ದಿನಲ್ಲಿ ಪಕ್ಕದವನನ್ನು ಕರೆಯಬೇಕಾದರೆ ಕೈಸನ್ನೆಯೇ ಗತಿ. ಹುಬ್ಬಿನ ಮೇಲೆ ಹತ್ತಿಯ ಬಿಳಿ ಧೂಳು. ಪಾಳಿ ಹನ್ನೆರಡು ತಾಸು. ರಜೆ ಹಾಕಿದರೆ ಆ ದಿನದ ಪಗಾರ ಖೋತಾ. ಮೈಯನ್ನು ತಂಪಾಗಿಡಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ದೂಡಬೇಕು. ಬೆವರಿ ನೀರು ಕಡಿಮೆಯಾದಂತೆ ಆ ರಕ್ತವೂ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ದುಡಿದವರ ರಕ್ತದೊತ್ತಡ ಏರುತ್ತದೆ. ವಾರಕ್ಕೆ 55 ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರು ಹೃದ್ರೋಗದಿಂದ ಸಾಯುವ ಅಪಾಯ, 35–40 ತಾಸು ದುಡಿಯುವವರಿಗಿಂತ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಾಗಿ ಹೇಳಿವೆ. ಹನ್ನೆರಡು ತಾಸಿನ ಪಾಳಿಯಾದರೆ ಐದು ದಿನಕ್ಕೇ 60 ತಾಸು! ಇದನ್ನು ವ್ಯಾಯಾಮ ಎಂದು ಕರೆಯುವುದು ಅನ್ಯಾಯ.

ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಈ ಆಕ್ಷೇಪಗಳಲ್ಲಿ ಯಾರೂ ನೆನೆದಿಲ್ಲ. ಒಂದು ಬೀಡಿಯನ್ನೂ ಸೇದದವರ ಮೈಗೂ ಕೈಚರ್ಮದ ಮೂಲಕ, ಉಸಿರಿನ ಮೂಲಕ ನಿಕೋಟಿನ್ ಇಳಿಯುತ್ತದೆ. ಸಾಲದ್ದಕ್ಕೆ ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರಿಗಾಗಿ ಹೊತ್ತುಗೊತ್ತಿಲ್ಲದೆ ಎದ್ದು ಕೊಡ ತುಂಬಬೇಕು. ಅವರ ನಿದ್ದೆಯ ಲೆಕ್ಕ ಯಾರಿಟ್ಟಿದ್ದಾರೆ?

ಮೂರನೆಯ ಆಕ್ಷೇಪ ವೈದ್ಯರೊಬ್ಬರದು, ಉಳಿದವುಗಳಿಗಿಂತ ತೂಕದ್ದು: "ಇದು ನಮ್ಮವರ ರಕ್ತದಲ್ಲೇ ಇದೆ." ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ, ಸುಮಾರು 53ರ ಹೊತ್ತಿಗೆ ಆಗುತ್ತದೆ, ನಿಜ. ಆದರೆ ಇದನ್ನು ಕಂಡುಕೊಂಡ ಸಂಶೋಧಕರೇ ಈ ಅವಸರಕ್ಕೆ ಬಹುಪಾಲು ಕಾರಣ ಚಿಕ್ಕ ವಯಸ್ಸಿನಲ್ಲೇ ಅಂಟುವ ಅಪಾಯದ ಅಂಶಗಳೆಂದು ತೋರಿಸಿದ್ದಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರ ನಂತರದ ಎರಡು ದಶಕಗಳಲ್ಲಿ ಹುಟ್ಟಿದವರನ್ನು ಬೇರೆ ಸಂಶೋಧಕರು ಮುಂದೆ ಹುಡುಕಿ ಪರೀಕ್ಷಿಸಿ, 1996ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗ ಶೇ. 11, ಮೂರು ಕಿಲೋ ದಾಟಿದವರಲ್ಲಿ ಶೇ. 3. ತೂಕ ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ರೋಗ ಹೆಚ್ಚಿತ್ತು. ತಾಯಿಯ ಹಸಿವು ಮಗುವಿನ ಹೃದಯಕ್ಕೆ ಇಳಿದದ್ದನ್ನು ವಂಶವಾಹಿಯ ಖಾತೆಗೆ ಬರೆಯಲಾಗದು.

ಈಗ 1972ರ ಬರವನ್ನು ನೆನೆಯಿರಿ. ಸೊಲ್ಲಾಪುರ ಜಿಲ್ಲೆಯ ಹೆಣ್ಣುಮಕ್ಕಳು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದರು, ಅಮೆರಿಕದ ಮಿಲೋ ಜೋಳ, ಸುಕಡಿಯೆಂಬ ಪರಿಹಾರದ ಆಹಾರ ತಿಂದು ದಿನ ದೂಡಿದರು. ಅಂದು ಅವರ ಹೊಟ್ಟೆಯಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ, ಇನ್ನೂ ದುಡಿಯುತ್ತಿದ್ದಾರೆ. ಅವರ ಎದೆನೋವಿಗೆ ಹಣೆಬರಹ, ರಕ್ತ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಕೋವಿಡ್ ಲಸಿಕೆಯೇ ಕಾರಣ ಎಂಬ ಇನ್ನೊಂದು ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿದ ಅಧ್ಯಯನ ಆ ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದಿತು. 2025ರಲ್ಲಿ ಹಾಸನದ ಹಠಾತ್ ಹೃದಯಾಘಾತದ ಸಾವುಗಳು ಗಾಬರಿ ಹುಟ್ಟಿಸಿದಾಗ ಕರ್ನಾಟಕ ನೇಮಿಸಿದ ತಜ್ಞರ ಸಮಿತಿಯೂ ಲಸಿಕೆಯನ್ನು ಕಾರಣವೆನ್ನಲಿಲ್ಲ. ಹಾಸನದಲ್ಲಿ ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸಿ ಬದುಕುತ್ತಿದ್ದವರು ಕಡಿಮೆಯಿರಲಿಲ್ಲ. ಹೊಗೆ ನುಂಗುತ್ತ ದಿನವಿಡೀ ಕೂರುವ ದುಡಿಮೆ ಅದು.

ಕೊನೆಯದು: "ಸೊಲ್ಲಾಪುರದಲ್ಲಿ ದೊಡ್ಡಾಸ್ಪತ್ರೆಗಳಿವೆ, ಮಹಾರಾಷ್ಟ್ರದ ಮಹಾತ್ಮ ಫುಲೆ ಆರೋಗ್ಯ ಯೋಜನೆಯಲ್ಲಿ ಆಂಜಿಯೋಪ್ಲಾಸ್ಟಿಯ ಖರ್ಚೂ ಸಿಗುತ್ತದೆ." ಸಿಗುತ್ತದೆ, ಆಸ್ಪತ್ರೆಯ ಬಾಗಿಲು ತಲುಪಿದವರಿಗೆ. ಅಕ್ಕಲಕೋಟೆಯಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್. ಭೀಮಾ ದಂಡೆಯ ಹಳ್ಳಿಯಿಂದ ಇನ್ನೂ ದೂರ. ರಕ್ತನಾಳ ಮುಚ್ಚಿದ ಮೇಲೆ ಕಳೆದ ಪ್ರತಿ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತದೆ. ಗಡಿಯಾಚೆ ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅಕ್ಕಲಕೋಟೆಯ ಕೂಲಿಯವನಿಗೂ ಹಗಲು ರಾತ್ರಿ ತನ್ನ ತಾಲ್ಲೂಕಿನಲ್ಲೇ ಅದು ಸಿಗಬೇಕು. ಎಂಟು ತಾಸಿನ ಪಾಳಿ, ತಗಡಿನ ಕೆಳಗೆ ಶಾಖ ತಡೆಯುವ ಹೊದಿಕೆ, ಶೆಡ್ಡಿನಲ್ಲೇ ಕುಡಿಯುವ ನೀರು, ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆಯ ತಪಾಸಣೆ: ಮಾಲೀಕರೇ, ಇವಕ್ಕೆ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.

ಆಕ್ಷೇಪಿಸಿದ ವೈದ್ಯರಲ್ಲಿ ನನ್ನದೊಂದು ಬಿನ್ನಹ. ಎದೆನೋವೆಂದು ಬಂದವರಿಗೆ ಬೀಡಿ, ಮಾವಾ ಬಗ್ಗೆ ಖಂಡಿತ ಕೇಳಿ. ಜೊತೆಗೆ ಏನು ಕೆಲಸ, ಎಷ್ಟು ತಾಸಿನ ಪಾಳಿ, ಮನೆಗೆ ಎಂಥ ಛಾವಣಿ ಎಂದೂ ಕೇಳಿ, ಕೇಸ್‌ಪೇಪರಿನಲ್ಲಿ ಬರೆದಿಡಿ.