ಕಥೆಗಿಂತ ಹಾಡೇ ನ್ಯಾಯವಂತ

ಯಾವುದಾದರೂ ಸಿನಿಮಾ ಹಾಡಿನ ಮೇಲೆ ಗಲಾಟೆ ಎದ್ದಾಗಲೆಲ್ಲ ಎರಡು ದನಿ ಕೇಳಿಬರುತ್ತವೆ. ನಮ್ಮ ಸಂಸ್ಕೃತಿ ಹಾಳಾಯಿತು ಎಂದು ಒಬ್ಬರು. ಹಾಡು ಇರುವುದೇ ಖುಷಿಗೆ, ಅದಕ್ಕೆ ನೀತಿಪಾಠದ ಗೊಡವೆ ಯಾಕೆ ಎಂದು ಇನ್ನೊಬ್ಬರು. ಇಷ್ಟು ಜೋರಾಗಿ ಜಗಳವಾಡುವ ಇವರಿಬ್ಬರೂ ಒಂದು ವಿಷಯದಲ್ಲಿ ಮಾತ್ರ ಮೊದಲೇ ರಾಜಿಯಾಗಿದ್ದಾರೆ: ಸುಖ ಬಂದು ಕೂತರೆ ಕರ್ತವ್ಯ ಎದ್ದು ಹೋಗಬೇಕು. ಸಂಸ್ಕೃತಿಯ ಹೆಸರು ಹೇಳುವವರಾದರೂ ಹಳೆಯ ಪುಸ್ತಕವನ್ನೊಮ್ಮೆ ತೆರೆದು ನೋಡಬಹುದಿತ್ತು. ನಾಲ್ಕು ಪುರುಷಾರ್ಥಗಳಲ್ಲಿ ಕಾಮ ಹಿಂಬಾಗಿಲಿನಿಂದ ನುಸುಳಿದ್ದಲ್ಲ. ವಾತ್ಸ್ಯಾಯನ ತನ್ನ ಗ್ರಂಥವನ್ನು ಆರಂಭಿಸುವುದೇ ಧರ್ಮ, ಅರ್ಥ, ಕಾಮ ಮೂರಕ್ಕೂ ಒಟ್ಟಿಗೆ ಕೈಮುಗಿದು. ಕಾಮದಿಂದ ಕೆಡುಕಾಗುವುದಿಲ್ಲವೇ ಎಂದು ಕೇಳುವವರಿಗೆ ಅವನ ಉತ್ತರ ಒಲೆಯ ಮುಂದಿನದು, ಹೊಲದ ಬದುವಿನದು: ಭಿಕ್ಷುಕರು ಬಂದಾರೆಂದು ಯಾರೂ ಅಡುಗೆ ಮಾಡದೆ ಕೂರುವುದಿಲ್ಲ, ಜಿಂಕೆ ಮೇಯುತ್ತವೆಂದು ಯಾರೂ ಜವೆ ಬಿತ್ತುವುದನ್ನು ಬಿಡುವುದಿಲ್ಲ. ಅವನು ಎಣಿಸುವ 64 ಕಲೆಗಳಲ್ಲಿ ಮೊದಲನೆಯದು ಹಾಡುಗಾರಿಕೆ. ಆದರೆ ಮೂರೂ ಒಂದಕ್ಕೊಂದು ಎದುರಾದರೆ ಸಾಮಾನ್ಯವಾಗಿ ಧರ್ಮದ ಮಾತು ಮೇಲು ಎಂದೂ ಅವನೇ ಹೇಳುತ್ತಾನೆ. ಹಾಗಾಗಿ ಪ್ರಶ್ನೆ ಇರುವುದು ಕಾಮ ಬೇಕೋ ಬೇಡವೋ ಎಂಬುದರಲ್ಲಿಲ್ಲ, ಧರ್ಮ, ಕಾಮ ಎರಡೂ ಒಂದೇ ಮನೆಯಲ್ಲಿ ಹೇಗೆ ಬಾಳುತ್ತವೆ ಎಂಬುದರಲ್ಲಿ. ಕನ್ನಡದಲ್ಲಿ ಈ ಪ್ರಶ್ನೆಯನ್ನು ನಮ್ಮ ಕಥೆಗಳಿಗಿಂತ ನಮ್ಮ ಹಾಡುಗಳೇ ಹೆಚ್ಚು ನ್ಯಾಯವಾಗಿ ತೂಗಿವೆ ಎಂಬುದು ನನ್ನ ವಾದ.

ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಹೊರಬಂದದ್ದು 1942ರಲ್ಲಿ. ದೇಶವೆಲ್ಲ ಚಳವಳಿಯಲ್ಲಿದ್ದಾಗ ಈ ಕವಿ ಹೆಂಡತಿಯ ತವರಿನ ದಾರಿ ಹಿಡಿದಿದ್ದರು. ಆ ಪದ್ಯಗಳು ಮುಂದೆ ಸುಗಮ ಸಂಗೀತದ ವೇದಿಕೆಗೆ, ಕ್ಯಾಸೆಟ್ಟಿಗೆ, 1992ರಲ್ಲಿ ನಾಗಾಭರಣರ ಸಿನಿಮಾಕ್ಕೂ ಬಂದು ಓದು ಬಾರದವರ ಬಾಯಲ್ಲೂ ನಿಂತವು. ಅಳಿಯ ರಾತ್ರಿ ಹೊತ್ತು ಮಾವನ ಮನೆಗೆ ಬರುವ ಆ ಹಾಡನ್ನೇ ನೋಡಿ. ಕಾಲು ತೊಳೆಯಲು ಬಾಗಿಲಲ್ಲಿ ಬಿಸಿನೀರಿನ ತಂಬಿಗೆ, ಬೆಳ್ಳಿಯ ಬಟ್ಟಲಲ್ಲಿ ಗಸಗಸೆ ಪಾಯಸ, ಮಂಚದ ಮೇಲೆ ರೇಷ್ಮೆ ದಿಂಬು, ದಿಂಬಿನಂಚಿಗೆ ಹೆಂಡತಿಯೇ ಹಾಕಿದ ಹೂವು. ಎಲ್ಲವೂ ಇದೆ, ಅವಳೊಬ್ಬಳಿಲ್ಲ. ಯಾಕಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಳಗಾಗುತ್ತಲೇ ಅಳಿಯ ರಾಯರು ಮುನಿದು ಹೊರಟು ನಿಂತಾಗ, ಒಳಮನೆಯಲ್ಲಿ ನೀರಾಯಿತೆಂದು ನಾದಿನಿ ರಾಗವೆಳೆಯುತ್ತಾಳೆ. ಹೆಂಡತಿ ಅಷ್ಟು ದಿನ ‘ಹೊರಗೆ’ ಇದ್ದಳೆಂಬುದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ಸಂಪ್ರದಾಯ ಬಯಕೆಗೆ ಅಡ್ಡ ನಿಂತಿದೆ ನಿಜ, ಆದರೆ ಬಯಕೆಯ ಮಾನ ಕಳೆದಿಲ್ಲ; ಮನೆಮಂದಿಯೆಲ್ಲ ಅದನ್ನು ಬಲ್ಲರು, ಬಲ್ಲೆವೆಂದು ಮುಸಿಮುಸಿ ನಗುತ್ತಾರೆ. ಮುಟ್ಟಿನ ಕಟ್ಟಳೆಯನ್ನು ಇಷ್ಟು ಚೆಂದವಾಗಿ ಹಾಡಿಬಿಟ್ಟರೆ ಅದರ ಕಷ್ಟ ಮರೆತುಹೋಗುವುದಿಲ್ಲವೇ ಎಂದು ಇಂದಿನ ಓದುಗರು ಕೇಳುವುದು ಸರಿಯೇ. ಮರೆತುಹೋಗುತ್ತದೆ. ಆ ರಾತ್ರಿ ಅವಳು ಎಲ್ಲಿ ಮಲಗಿದ್ದಳು, ಚಾಪೆಯ ಮೇಲೋ ಬರಿನೆಲದ ಮೇಲೋ, ಹಾಡು ಹೇಳುವುದಿಲ್ಲ. ಹಾಡಿನ ನ್ಯಾಯಕ್ಕೂ ಅದರ ಕಾಲದ ಗೋಡೆಯಿದೆ.

ಆ ಗೋಡೆಯಾಚೆಗೆ ಒಂದು ಹೆಜ್ಜೆ ಇಟ್ಟದ್ದು, ಆಶ್ಚರ್ಯವೆಂದರೆ, ರಾಜ್‌ಕುಮಾರ್ ಸಿನಿಮಾ. 1982ರ ‘ಹಾಲು ಜೇನು’ ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳುವ ಗಂಡನ ಕಥೆ. ಅದರಲ್ಲಿ ಗಂಡ ಹೆಂಡತಿಯನ್ನು ರಾಣಿಯಂತೆ ಕೂರಿಸಿ ಮನೆಗೆಲಸಕ್ಕೆ ತಾನೇ ನಿಲ್ಲುವ ಹಾಡೊಂದಿದೆ. ಬರೆದವರು ಚಿ. ಉದಯಶಂಕರ್, ರಾಗ ಹಾಕಿದವರು ಜಿ. ಕೆ. ವೆಂಕಟೇಶ್. ಶುಶ್ರೂಷೆಯನ್ನು ನಮ್ಮಲ್ಲಿ ಸದಾ ಹೆಂಡತಿಯ ಧರ್ಮವೆಂದೇ ಹೇಳಿಕೊಂಡು ಬಂದಿದ್ದೇವೆ. ಈ ಹಾಡಿನಲ್ಲಿ ಅದೇ ಕೆಲಸ ಗಂಡಸಿನ ಕೈಗೆ ಬಂದು ಸರಸವಾಗಿಬಿಡುತ್ತದೆ. ಇದು ಕರ್ತವ್ಯದ ಹಾಡೋ ಪ್ರಣಯದ ಹಾಡೋ ಎಂದು ಬೇರ್ಪಡಿಸಹೊರಟರೆ ಹಾಡೇ ಉಳಿಯುವುದಿಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಪುರುಷಾರ್ಥ ಎಂಬ ಹೆಸರಿನಲ್ಲೇ ಪುರುಷನಿದ್ದಾನೆ. ಧರ್ಮದ ಭಾರವೆಲ್ಲ ಹೆಣ್ಣಿಗೆ, ಕಾಮದ ಸಲಿಗೆಯೆಲ್ಲ ಗಂಡಿಗೆ. ಇಂಥ ಲೆಕ್ಕವನ್ನು ಹಾಡಿಗೆ ಅಂಟಿಸಿ ಹೊಗಳುವುದೇಕೆ? ಇದಕ್ಕೆ ‘ಎಡಕಲ್ಲು ಗುಡ್ಡದ ಮೇಲೆ’ಗಿಂತ ಒಳ್ಳೆಯ ಪರೀಕ್ಷೆ ಸಿಗದು. ಭಾರತೀಸುತರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಸೈನ್ಯಾಧಿಕಾರಿಯ ಹೆಂಡತಿ ಮಾಧವಿಯಾಗಿ ಜಯಂತಿ. ಕಥೆ ಅವಳನ್ನು ದುರಂತದತ್ತ ನೂಕುತ್ತದೆ, ನೋಡುವವರ ನೀತಿಗೆ ಅಷ್ಟು ಸುಂಕ ಕಟ್ಟಿಯೇ ಮುಂದೆ ಹೋಗುತ್ತದೆ. ಆದರೆ ಎಂ. ರಂಗರಾವ್ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ಅವಳ ವಿರಹದ ಹಾಡು ಯಾವ ತೀರ್ಪನ್ನೂ ಕೊಡುವುದಿಲ್ಲ. ಅದು ಅವಳ ಹಸಿವನ್ನು ಹಸಿವೆಂದೇ ಕರೆದು, ಮೂರ್ನಾಲ್ಕು ನಿಮಿಷ ಅವಳ ಪಕ್ಕದಲ್ಲಿ ಕೂರುತ್ತದೆ. ಅವಳ ಬಗ್ಗೆ ಕೆಟ್ಟ ಮಾತಾಡಿದ ಮನೆಗಳಲ್ಲೂ ರೇಡಿಯೋ ಆ ಹಾಡನ್ನು ಹಾಡಿತು, ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಪುರುಷಾರ್ಥದಲ್ಲಿ ಹೆಣ್ಣಿಗೆ ಪಾಲಿಲ್ಲ ಎಂಬ ದೂರು ಆ ಕಥೆಯ ಮಟ್ಟಿಗೆ ನಿಜ, ಆ ಹಾಡಿನ ಮಟ್ಟಿಗೆ ಅಲ್ಲ.

ಹಾಗಾದರೆ ಈಗ ಕಿವಿಗೆ ಬೀಳುವ ಐಟಂ ಹಾಡುಗಳೂ ಸರಿಯೇ ಎಂದು ಮೊದಲ ದನಿಯವರು ಕೇಳಿಯೇ ಕೇಳುತ್ತಾರೆ. ಸರಿಯಲ್ಲ, ಆದರೆ ಅವರು ಹೇಳುವ ಕಾರಣಕ್ಕಲ್ಲ. ಅಲ್ಲಿ ಮೈ ಕಾಣುತ್ತದೆ ಎಂಬುದು ನನಗೆ ದೊಡ್ಡ ದೂರಲ್ಲ. ಬೇಲೂರಿನ ಗೋಡೆಯ ಮುಂದೆ ಮಕ್ಕಳ ಕೈಹಿಡಿದು ನಿಲ್ಲುವವರು ನಾವು. ಅಲ್ಲಿ ಇನ್ನೊಬ್ಬರೇ ಇಲ್ಲ ಎಂಬುದು ದೂರು. ಬೆನ್ನುಬಿದ್ದು ಕಾಡುವ ನಾಯಕನ ಹಾಡಿನಲ್ಲೂ ಅದೇ ಕೊರತೆ: ಅವಳು ಬೇಡವೆಂದದ್ದನ್ನು ತಾಳಕ್ಕೆ ಹೊಂದಿಸಿಕೊಂಡು ಹೂಂ ಎಂದೇ ಕೇಳಿಸಿಕೊಳ್ಳುತ್ತಾನೆ. ಎದುರಿಗಿರುವವರ ಹೂಂ ಮತ್ತು ಊಹೂಂ ಕೇಳಿಸಿಕೊಳ್ಳುವುದೇ ಶೃಂಗಾರದೊಳಗಿನ ಧರ್ಮ ಎಂದರೆ ಸಂಸ್ಕೃತಿರಕ್ಷಕರಿಗೆ ಅದು ಸಪ್ಪೆ ಎನಿಸಬಹುದು. ಸೆನ್ಸಾರ್ ಕತ್ತರಿಗಂತೂ ಅದು ಕಾಣುವುದೇ ಇಲ್ಲ.

ಸಭ್ಯ ಎಂದು ಎಲ್ಲರೂ ಒಪ್ಪಿದ ಸಿನಿಮಾದಲ್ಲೂ ಇದೇ ತಕರಾರು ಉಳಿದಿದೆ. 2006ರ ‘ಮುಂಗಾರು ಮಳೆ’ಯಲ್ಲಿ ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು, ಬೇರೊಬ್ಬನೊಡನೆ ನಿಶ್ಚಯವಾಗಿದ್ದ ನಂದಿನಿಯ ಮದುವೆಗೆ ದಾರಿಮಾಡುತ್ತಾನೆ. ಅವಳ ತಂದೆಯ ಮುಖ ನೋಡಿ ಮಾಡಿದ ತ್ಯಾಗ ಅದು, ಕರ್ನಾಟಕವೇ ಕಣ್ಣೊರೆಸಿಕೊಂಡಿತು. ಅಷ್ಟು ಹೊತ್ತಿಗೆ ನಂದಿನಿಯೂ ಅವನಿಗೆ ಮನಸು ಕೊಟ್ಟಾಗಿತ್ತು, ಆದರೆ ಬಿಡುವ ತೀರ್ಮಾನದಲ್ಲಿ ಅವಳನ್ನು ಯಾರೂ ಕೇಳಲಿಲ್ಲ. ಮನೋಮೂರ್ತಿ ರಾಗ ಹಾಕಿದ, ಜಯಂತ ಕಾಯ್ಕಿಣಿಯವರ ಹಾಡೊಂದು ಮಾತ್ರ ಅವಳಿಗೆ ಬಾಯಿ ಕೊಟ್ಟಿತ್ತು. ಸ್ನೇಹ ಎಲ್ಲಿ ನಿಲ್ಲಬೇಕು, ಪ್ರೇಮ ಎಲ್ಲಿ ಕಟ್ಟಿಹಾಕುತ್ತದೆ ಎಂದು ಅಲ್ಲಿ ಅವಳೇ ಅಳೆದು ನೋಡುತ್ತಾಳೆ. ಕೊನೆಗೆ ಪ್ರೀತಮ್ ತನ್ನ ದುಃಖ ತೋಡಿಕೊಳ್ಳಲು ಜೊತೆಗಿಟ್ಟುಕೊಂಡ ಮೊಲವಾದರೂ ಇದೆ. ನಂದಿನಿಗೆ ಅದೂ ಇಲ್ಲ. ಅವಳ ಪಾಲಿಗೆ ಇರುವುದು ನಡುವೆಲ್ಲೋ ಬಂದುಹೋದ, ಶ್ರೇಯಾ ಘೋಷಾಲ್ ದನಿಯ ಆ ಒಂದು ಹಾಡು.