ಕಲಿಸು ಎಂದು ಬೇಡುವವನೇ ನಂಬಿಗಸ್ತನು



ಜತ್ತ ತಾಲೂಕಿನ ಕರಜಗಿಯಂಥ ಗಡಿಹಳ್ಳಿಯಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ದುಡಿಮೆ ಹುಡುಕಿ ಹೊರಡುವುದು ಈ ಬರದ ಸೀಮೆಗೆ ಹೊಸದಲ್ಲ. ಊರು ಬಿಟ್ಟು ತೋಟದ ಲೈನುಮನೆ ಸೇರಿದ ಮೇಲೆ ಸತ್ಯವೇದವು ಪೆಟ್ಟಿಗೆಯ ತಳಕ್ಕೆ ಹೋಗುತ್ತದೆ. ಈ ತಪ್ಪು ನಮ್ಮೆಲ್ಲರದು.

ಹೀಗಿರುವ ನಮಗೆ 119ನೆಯ ಕೀರ್ತನೆ ದಾರಿ ತೋರಿಸುತ್ತದೆ. ಅದರಲ್ಲಿ 176 ವಚನಗಳು. ಇಬ್ರಿಯ ಭಾಷೆಯ ಅಕ್ಷರಗಳು 22. ಒಂದೊಂದು ಅಕ್ಷರಕ್ಕೆ 8 ವಚನಗಳು. ಆ ಎಂಟೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಕನ್ನಡಕ್ಕೆ ತಂದಾಗ ಈ ಕಟ್ಟು ಕಿವಿಗೆ ಬೀಳುವುದಿಲ್ಲ. ಆದರೂ ಅದರ ಪಾಠ ನಮಗೆ ತಿಳಿದದ್ದೇ: ಮಗು ಅಕ್ಷರ ತಿದ್ದುವಂತೆ ದೇವರ ಮಾರ್ಗವನ್ನು ಮೊದಲಿನಿಂದ, ಸಾಲಾಗಿ ಕಲಿಯಬೇಕು.

ಐದನೆಯ ಭಾಗದಲ್ಲಿ ಕೀರ್ತನೆಗಾರನು ಕರ್ತನೇ ತನಗೆ ಗುರುವಾಗಬೇಕೆಂದು ಬೇಡುತ್ತಾನೆ. ಮನಸ್ಸು ಲಾಭದ ಆಸೆಗೆ ವಾಲದಿರಲಿ ಎನ್ನುತ್ತಾನೆ. ಮುಂಗಡದ ಸಾಲ ಹೆಗಲ ಮೇಲಿರುವಾಗ, ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಸುವ ಆಸೆ ಬಂದಾಗ, ಸಂಬಳದ ದಿನ ಸೆರೆ ಅಂಗಡಿ ಕರೆಯುವಾಗ ಈ ಪ್ರಾರ್ಥನೆ ನಮ್ಮದೂ ಹೌದು.

ನಂಬಿಗಸ್ತಿಕೆಯೆಂದರೆ ಬಾಯಿ ಮುಚ್ಚಿಕೊಂಡು ಸಹಿಸುವುದೆಂದು ಯಾರೂ ತಿಳಿಯಬಾರದು. ಈ ಕೀರ್ತನೆಗಾರನನ್ನು ಗರ್ವಿಗಳು ದೂರಿದ್ದರು, ಅಧಿಕಾರಿಗಳು ಕುಳಿತು ಅವನಿಗೆ ವಿರೋಧವಾಗಿ ಮಾತಾಡಿದ್ದರು. ಹಿಂಸಿಸುವವರ ಕೈಗೆ ತನ್ನನ್ನು ಒಪ್ಪಿಸಬೇಡವೆಂದು ಅವನು ದೇವರಲ್ಲಿ ಮೊರೆಯಿಟ್ಟನು. ನ್ಯಾಯವಾದ ಕೂಲಿ ಕೇಳುವುದೂ ಸುಳ್ಳು ಲೆಕ್ಕ ಒಲ್ಲೆನೆನ್ನುವುದೂ ಒಂದೇ ಭಕ್ತಿಯಿಂದ ಹುಟ್ಟಲಿ.

ಕೊನೆಯ ವಚನ ನೋಡಿರಿ. ಇಷ್ಟೆಲ್ಲಾ ಹಾಡಿದವನು ತಾನು ಗೆದ್ದೆನೆನ್ನುವುದಿಲ್ಲ. ದಾರಿ ತಪ್ಪಿದ ಕುರಿಯಾಗಿದ್ದೇನೆ, ನೀನೇ ಹುಡುಕು ಎನ್ನುತ್ತಾನೆ. ಕುರಿ ಕಾಯ್ದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ತಪ್ಪಿದ ಕುರಿ ತಾನಾಗಿ ಹಟ್ಟಿಗೆ ಬರುವುದು ಅಪರೂಪ; ಕುರುಬನೇ ಹೋಗಬೇಕು. ಎಡವಿದವರು ನಾಚಿಕೊಂಡು ಸಭೆಯಿಂದ ದೂರ ನಿಲ್ಲಬೇಡಿರಿ. ಎಂದೂ ಎಡವದವನಲ್ಲ, ಎಡವಿದ ಮೇಲೂ ಕಲಿಸು ಎಂದು ಬೇಡುವವನೇ ನಂಬಿಗಸ್ತನು.

ಆದುದರಿಂದ ದಿನಕ್ಕೊಂದು ಭಾಗದಂತೆ 22 ಸಂಜೆ ಈ ಕೀರ್ತನೆಯನ್ನು ಓದೋಣ. ಓದು ಬಾರದ ತಾಯಂದಿರಿಗೆ ಮಕ್ಕಳು ಗಟ್ಟಿಯಾಗಿ ಓದಲಿ; ತಾಯಿ ಕೇಳಿ ಬಾಯಿಪಾಠ ಮಾಡಲಿ. ಪೆಟ್ಟಿಗೆ ಕಳೆದರೂ ಬಾಯಿಪಾಠ ಕಳೆಯದು. ಕರ್ತನು ನಮ್ಮ ಗುರುವಾಗಿ ಕಡೇ ತನಕ ನಡಿಸಲಿ. ಆಮೆನ್.