ಅಳತೆಗೂ ತಿದ್ದುಪಡಿ ಬೇಕು

ಭೂಮಿ ಬಿಸಿಯಾಗ್ತಿದೆ ಅಂದರೆ 'ಅಳೆದವರು ಯಾರು?' ಎನ್ನುವವರಿದ್ದಾರೆ. ಕೇಳಬೇಕಾದ್ದೇ. ಅಮೆರಿಕದ ಉಪಗ್ರಹಗಳು 1978ರ ಕೊನೆಯಿಂದ ಅಳೆಯುತ್ತಿವೆ. ಗಾಳಿಯಲ್ಲಿರುವ ಆಮ್ಲಜನಕ ಹೊಮ್ಮಿಸುವ ಮೈಕ್ರೋವೇವ್ ಅಲೆಗಳಿಂದ ಉಷ್ಣತೆಯ ಲೆಕ್ಕ.

ತೊಂಬತ್ತರ ದಶಕದಲ್ಲಿ ಈ ಲೆಕ್ಕದಲ್ಲಿ ಬಿಸಿ ಏರಿದ್ದೇ ಕಾಣಲಿಲ್ಲ. ಉಪಗ್ರಹಗಳು ಮೆಲ್ಲಗೆ ಕೆಳಗಿಳಿಯುತ್ತಿವೆ, ಅದರಿಂದ ಲೆಕ್ಕ ತಂಪಿನ ಕಡೆ ವಾಲಿದೆ ಎಂದು 1998ರಲ್ಲಿ ವೆಂಟ್ಜ್, ಶಾಬೆಲ್ ತೋರಿಸಿದರು. ಉಪಗ್ರಹ ಹಾದುಹೋಗುವ ಹೊತ್ತೂ ಜಾರುತ್ತಿತ್ತು. ಆ ಲೆಕ್ಕದ ದೋಷ ಸಿಕ್ಕಿದ್ದು 2005ರಲ್ಲಿ. ತಿದ್ದಿದ ಮೇಲೆ ಏರಿಕೆ ಸ್ಪಷ್ಟವಾಯ್ತು.

ತಪ್ಪು ಸಿಕ್ಕಿತೆಂದು ಅಳತೆಯನ್ನೇ ಬಿಸಾಡಲಿಲ್ಲ, ನೋಡಿ. ನಾವೂ ಅಷ್ಟೆ: ಮಳೆಮಾಪಕದ ಜಾಗ ಬದಲಿಸಿದರೆ ತಾರೀಕು ಸಮೇತ ಬರೆದಿಡೋಣ. ಉಪಗ್ರಹಕ್ಕೆ ಸಿಗುವುದು ಕಿಲೋಮೀಟರುಗಟ್ಟಲೆ ದಪ್ಪದ ಗಾಳಿಯ ಸರಾಸರಿ. ನಮ್ಮ ತೋಟದ ಸೆಕೆ ನಾವೇ ಅಳೆಯಬೇಕು.